ಕೊಬ್ಬರಿ ದರಕ್ಕೆ ಬಿದ್ದ ಜಾಮೀನು

ಮೂವತ್ತು ವರ್ಷದಿಂದ ಹತ್ತನೇ ತರಗತಿಯ ಮಕ್ಕಳಿಗೆ ಪರೀಕ್ಷೆಯ ಮುನ್ನಾದಿನ ನಾನು ಹೇಳುತ್ತ ಬಂದ ಮಾತು ಒಂದೇ: ಪ್ರಶ್ನೆಯನ್ನು ಕೊನೇತನಕ ಓದಿ, ಆಮೇಲೆ ಪೆನ್ನಿನ ಮುಚ್ಚಳ ತೆಗೀರಿ. ಓದದೆ ಬರೆದವರಿಗೆ ಅಂಕ ಕಡಿದಿದ್ದೇನೆ, ಕಿವಿಯನ್ನೂ ಹಿಂಡಿದ್ದೇನೆ (ಆಗೆಲ್ಲ ಹಿಂಡಬಹುದಿತ್ತು). ಅಂಥ ನಾನು 2022ರ ಜನವರಿಯ ಒಂದು ಮಧ್ಯಾಹ್ನ ಸಹಕಾರ ಬ್ಯಾಂಕೊಂದರ ಮಹಡಿಯಲ್ಲಿ ಕೂತು ಹದಿನೇಳು ಕಡೆ ಸಹಿ ಹಾಕಿದೆ. ಒಂದು ಸಾಲೂ ಓದಲಿಲ್ಲ.

ಹದಿನೇಳು ಅಂತ ಯಾಕೆ ನೆನಪಿದೆ ಅಂದರೆ, ಗುಮಾಸ್ತರು ಸಹಿ ಬೀಳಬೇಕಾದ ಕಡೆಯಲ್ಲೆಲ್ಲ ಮೊದಲೇ ಪೆನ್ಸಿಲ್‌ನಲ್ಲಿ ಪುಟ್ಟ ಇಂಟು ಗುರುತು ಹಾಕಿಟ್ಟಿದ್ದರು. ಅವರು ಹಾಳೆ ತಿರುವುತ್ತಿದ್ದರು, ನಾನು ಗುರುತು ಹುಡುಕುತ್ತಿದ್ದೆ. 'ಇಲ್ಲೊಂದು ಮೇಡಂ, ಇಲ್ಲೊಂದು, ಹಿಂದುಗಡೆ ಒಂದು.' ಕೆಲವು ಹಾಳೆಯಲ್ಲಿ ಮೊತ್ತದ ಜಾಗ, ತಾರೀಖಿನ ಜಾಗ ಖಾಲಿ ಇತ್ತು. ಆಮೇಲೆ ತುಂಬುತ್ತೇವೆ ಅಂದರು. ನನ್ನ ಸಂಬಳದ ಖಾತೆಯ ಎರಡು ಚೆಕ್ಕಿಗೂ ಬರೀ ಸಹಿ ಹಾಕಿಸಿಕೊಂಡರು. ಎಚ್‌ಆರ್‌ಎಂಎಸ್‌ನ ಮೂರು ತಿಂಗಳ ಸಂಬಳದ ಚೀಟಿಯನ್ನು ಮಾತ್ರ ಅವರು ಸಾಲು ಸಾಲಾಗಿ ಓದಿದರು. ಮೂಲ ವೇತನ ಎಷ್ಟು, ಕೆಜಿಐಡಿ ವಿಮೆಗೆ ಎಷ್ಟು ಹೋಗುತ್ತದೆ, ಕೈಗೆ ಎಷ್ಟು ಬರುತ್ತದೆ, ನಿವೃತ್ತಿಗೆ ಇನ್ನೆಷ್ಟು ವರ್ಷ. ಸಾಲ ಕೇಳಿದ್ದ ನನ್ನ ತಮ್ಮ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅವನನ್ನು ಅವರು ಅಷ್ಟು ಹೊತ್ತು ಏನೂ ಕೇಳಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು, ಸಾಲ ನಿಜವಾಗಿ ಯಾರ ಮೇಲೆ ಕೊಡುತ್ತಿದ್ದಾರೆ ಅಂತ.

ನಮ್ಮದು ತಿಪಟೂರು ಸೀಮೆ. ತಮ್ಮನದು ಸಣ್ಣ ಕೊಬ್ಬರಿ ವ್ಯಾಪಾರ. ಅಪ್ಪ ಬಿಟ್ಟುಹೋದ ಒಂದೂವರೆ ಎಕರೆ ತೆಂಗಿನ ತೋಟ, ಅದರ ಜೊತೆಗೆ ಸುತ್ತಲಿನ ಹಳ್ಳಿಗಳಲ್ಲಿ ಕಾಯಿ ಕೊಂಡು ಕೊಬ್ಬರಿ ಮಾಡಿ ಮಂಡಿಗೆ ಹಾಕುವುದು. ಕುಡಿಯುವುದಿಲ್ಲ, ಇಸ್ಪೀಟಿಲ್ಲ, ಬೆಳಗ್ಗೆ ಐದಕ್ಕೆ ಏಳುತ್ತಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಜಾಮೀನಿನ ಕಥೆ ಅಂದಕೂಡಲೇ ಜನ ಅದರಲ್ಲಿ ಒಬ್ಬ ಮೋಸಗಾರನನ್ನು ಹುಡುಕುತ್ತಾರೆ. ಈ ಕಥೆಯಲ್ಲಿ ಅವನಿಲ್ಲ.

ಆ ಜನವರಿಯಲ್ಲಿ ಕ್ವಿಂಟಲ್ ಕೊಬ್ಬರಿ 16–17 ಸಾವಿರದ ಆಸುಪಾಸಿನಲ್ಲಿತ್ತು. ಇನ್ನಷ್ಟು ಕಾಯಿ ಕೊಂಡು ಅಟ್ಟ ತುಂಬಿಸಿದರೆ ಮುಂದಿನ ವರ್ಷ ಒಳ್ಳೇ ದುಡ್ಡು ಅಂತ ತಮ್ಮ ಲೆಕ್ಕ ಹಾಕಿದ. 8 ಲಕ್ಷ ಸಾಲ, ಶೇಕಡ 14 ಬಡ್ಡಿ, 60 ಕಂತು, ತಿಂಗಳಿಗೆ 18,600 ಚಿಲ್ಲರೆ. ಬ್ಯಾಂಕಿನವರು ಇಬ್ಬರ ಜಾಮೀನು ಕೇಳಿದರು, ಅದರಲ್ಲಿ ಒಬ್ಬರಾದರೂ ಸರ್ಕಾರಿ ನೌಕರರಾಗಿರಬೇಕು. ನಮ್ಮ ಇಡೀ ವಂಶದಲ್ಲಿ ತಿಂಗಳ ಮೊದಲ ವಾರ ಸಂಬಳ ಬರುವುದು ನನಗೊಬ್ಬಳಿಗೆ. ಇನ್ನೊಬ್ಬ ಜಾಮೀನುದಾರ ತಮ್ಮನ ಜೊತೆ ಓದಿದವನು, ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್.

ನಾನು ಎರಡು ದಿನ ಯೋಚಿಸಿದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, 'ಒಡಹುಟ್ಟಿದವನಿಗೆ ಒಂದು ರುಜು ಹಾಕೋಕೆ ಇಷ್ಟು ಯೋಚ್ನೆ ಮಾಡ್ತೀಯಲ್ಲೇ, ಅವನೇನು ನಿನ್ನ ದುಡ್ಡು ಕೇಳಿದ್ನಾ?' ಅಂದಳು. ನಮ್ಮ ಯಜಮಾನರನ್ನು ಕೇಳಿದೆ. 'ನಿನ್ನ ತವರು, ನಿನ್ನಿಷ್ಟ' ಅಂದರು. ಈ ಮಾತಿಗೆ ಎರಡು ಕಡೆಯೂ ಅಲಗಿದೆ ಅನ್ನುವುದು ಮದುವೆಯಾಗಿ ಇಪ್ಪತ್ತೈದು ವರ್ಷ ಕಳೆದ ಹೆಂಗಸರಿಗೆಲ್ಲ ಗೊತ್ತು.

ಹೊರಗಿನವರಿಗೆ ನಮ್ಮ ಕಡೆಯ ಕೊಬ್ಬರಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾಯಿ ಒಡೆದು ಬಿಸಿಲಿಗೆ ಹರವಿ ಒಣಗಿಸುವ ಕೊಬ್ಬರಿ ನಮ್ಮದಲ್ಲ. ಇದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಸುಮ್ಮನಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಅನ್ನುವ ತನಕ ಕಾಯಬೇಕು. ಹತ್ತು ತಿಂಗಳಾಗಬಹುದು, ಹನ್ನೊಂದೂ ಆಗಬಹುದು. ಅಂದರೆ ಇವತ್ತಿನ ದರದಲ್ಲಿ ಕೊಂಡ ಕಾಯಿ ಕೊಬ್ಬರಿಯಾಗಿ ಮಂಡಿಗೆ ಹೋಗುವುದು ಮುಂದಿನ ವರ್ಷದ ದರಕ್ಕೆ. ಅಷ್ಟೂ ದಿನ ದುಡ್ಡು ಅಟ್ಟದ ಮೇಲೆ ಕತ್ತಲಲ್ಲಿ ಕೂತಿರುತ್ತದೆ. ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳೂ ಹಗಲಲ್ಲೇ ಬರುತ್ತದೆ.

ತಮ್ಮ ಕಾಯುತ್ತಿದ್ದಂತೆ ದರ ಇಳಿಯಿತು. 2023ರಲ್ಲಿ ಕ್ವಿಂಟಲ್ 8–9 ಸಾವಿರಕ್ಕೆ ಬಂತು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಘೋಷಿಸಿದ್ದ ಬೆಂಬಲ ಬೆಲೆ 11,750 ರೂಪಾಯಿ. ತಿಪಟೂರಿನಲ್ಲಿ ರೈತರು ಧರಣಿ ಕೂತರು, ನಾಫೆಡ್ ಖರೀದಿಯೂ ನಡೆಯಿತು. ಆದರೆ ಬೆಂಬಲ ಬೆಲೆ ಇರುವುದು ನೋಂದಾಯಿಸಿಕೊಂಡ ಬೆಳೆಗಾರನಿಗೆ, ಅದೂ ಅವನ ಜಮೀನಿಗೆ ತಕ್ಕ ಮಿತಿಯಲ್ಲಿ. ತಮ್ಮನ ಒಂದೂವರೆ ಎಕರೆಗೆ ಏನೋ ಸ್ವಲ್ಪ ಸಿಕ್ಕಿತು. ಕೊಂಡು ಅಟ್ಟ ತುಂಬಿಸಿದ್ದಕ್ಕೆ ಸಿಗಲಿಲ್ಲ. 2023ರ ಮಾರ್ಚ್‌ವರೆಗೆ ಹದಿನಾಲ್ಕು ಕಂತನ್ನು ಒಂದು ದಿನವೂ ತಡಮಾಡದೆ ಕಟ್ಟಿದ್ದ. ಏಪ್ರಿಲ್‌ನಿಂದ ನಿಲ್ಲಿಸಿದ.

ನಾನು ಸಹಿ ಹಾಕಿದ್ದು ತಮ್ಮನ ಗುಣಕ್ಕೆ ಅಂದುಕೊಂಡಿದ್ದೆ. ನಿಜಕ್ಕೂ ಹಾಕಿದ್ದು ಕೊಬ್ಬರಿ ದರಕ್ಕೆ. ತಮ್ಮನ ಗುಣ ನನಗೆ ನಲವತ್ತು ವರ್ಷದಿಂದ ಗೊತ್ತು. ಮುಂದಿನ ವರ್ಷದ ಕೊಬ್ಬರಿ ದರ ಯಾರಿಗೆ ಗೊತ್ತು? 'ಅವನು ಅಂಥವನಲ್ಲ' ಅನ್ನುವುದು ನಾವು ಜಾಮೀನು ಹಾಕುವ ಮೊದಲು ಮನಸ್ಸಿಗೆ ಹೇಳಿಕೊಳ್ಳುವ ಸಮಾಧಾನ. ಮಳೆ, ದರ, ಆಸ್ಪತ್ರೆ ಬಿಲ್ಲು, ಮುಚ್ಚಿದ ಗಾರ್ಮೆಂಟ್ಸ್ ಕಾರ್ಖಾನೆ, ಇವು ಯಾವುವೂ 'ಅವನು ಎಂಥವನು' ಅಂತ ಕೇಳಿಕೊಂಡು ಬರುವುದಿಲ್ಲ.

ಕಂತು ನಿಂತದ್ದು ನನಗೆ ಗೊತ್ತಾದ ರೀತಿಯೇ ಈ ಲೇಖನ ಬರೆಯಲು ಕಾರಣ. 2023ರ ನವೆಂಬರ್‌ನಲ್ಲಿ ಮಗಳ ಎಂಜಿನಿಯರಿಂಗ್ ಶುಲ್ಕಕ್ಕೆ ಶಿಕ್ಷಣ ಸಾಲ ಕೇಳಲು ಬೇರೊಂದು ಬ್ಯಾಂಕಿಗೆ ಹೋಗಿದ್ದೆ. ಇಂಥ ಸಾಲದಲ್ಲಿ ತಾಯಿಯೋ ತಂದೆಯೋ ಸಹ ಸಾಲಗಾರರಾಗಬೇಕು, ಹಾಗಾಗಿ ನನ್ನ ಪ್ಯಾನ್ ಸಂಖ್ಯೆಯನ್ನೂ ಹಾಕಿ ನೋಡಿದರು. ವ್ಯವಸ್ಥಾಪಕಿ ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ಪರದೆ ನೋಡುತ್ತಿದ್ದವಳು ಒಮ್ಮೆ ನನ್ನ ಮುಖ ನೋಡಿ, ಪರದೆಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದಳು.

'ಮೇಡಂ, ನಿಮ್ಮ ಹೆಸರಲ್ಲಿ ಒಂದು ಸುಸ್ತಿ ಖಾತೆ ಇದೆ.'

'ನಾನು ಸಾಲಾನೇ ತಗೊಂಡಿಲ್ಲಮ್ಮ.'

'ಗ್ಯಾರಂಟರ್ ಅಂತಿದೆ. ಎಂಟು ಕಂತು.'

ಪಕ್ಕದಲ್ಲಿ ಮಗಳು ಕೂತಿದ್ದಳು. ಅವಳು ಏನೂ ಕೇಳಲಿಲ್ಲ, ತನ್ನ ಮೊಬೈಲ್ ಚೀಲಕ್ಕೆ ಹಾಕಿಕೊಂಡಳು. ಆ ವರ್ಷದ ಶುಲ್ಕವನ್ನು ನನ್ನ ಎರಡು ಬಳೆ ಅಡವಿಟ್ಟು ಕಟ್ಟಿದೆವು.

ಸಾಲ ತೀರಿಸುವವನ ನಡತೆಗೆ ಅಂಕ ಹಾಕುವ ಸಂಸ್ಥೆಗಳು ಈ ದೇಶದಲ್ಲಿ ನಾಲ್ಕಿವೆ. ಜನರ ಬಾಯಲ್ಲಿ ಎಲ್ಲವೂ 'ಸಿಬಿಲ್'. ಅಂಕ 300ರಿಂದ 900. ಜಾಮೀನು ಹಾಕಿದ ಸಾಲವೂ ನಮ್ಮ ಹೆಸರಿನ ಪುಟದಲ್ಲಿ ಬರುತ್ತದೆ, ಅದು ಸುಸ್ತಿಯಾದರೆ ನಮಗೂ ಪೆಟ್ಟು. ಇದು ನನಗೆ ಆ ದಿನದವರೆಗೆ ತಿಳಿದಿರಲಿಲ್ಲ. ಪ್ರತಿ ಸಂಸ್ಥೆಯೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು ಅನ್ನುವುದೂ ತಿಳಿದಿರಲಿಲ್ಲ. ಯಾರಿಗಾದರೂ ಜಾಮೀನು ಬಿದ್ದವರು, ಸಂಬಂಧ ಎಷ್ಟೇ ಚೆನ್ನಾಗಿರಲಿ, ಯುಗಾದಿಗೊಮ್ಮೆ ಪಂಚಾಂಗ ನೋಡುವ ಹಾಗೆ ಅದನ್ನು ತೆಗೆದು ನೋಡುವುದು ಒಳ್ಳೆಯದು.

ಬ್ಯಾಂಕಿನಿಂದ ನನಗೆ ಕಾಗದ ಬಂದದ್ದು 2024ರ ಜನವರಿಯಲ್ಲಿ. ಶಾಲೆಯ ವಿಳಾಸಕ್ಕೆ ಬಂತು. ಮುಖ್ಯೋಪಾಧ್ಯಾಯರು ನನಗಿಂತ ಆರು ವರ್ಷ ಚಿಕ್ಕವರು. ಲಕೋಟೆಯನ್ನು ಹಾಜರಿ ಪುಸ್ತಕದ ಕೆಳಗಿಟ್ಟು, ಸಂಜೆ ಎಲ್ಲರೂ ಹೋದಮೇಲೆ ಕೈಗೆ ಕೊಟ್ಟರು. ಆ ಉಪಕಾರವನ್ನು ಮರೆಯುವುದಿಲ್ಲ. ಹಣ ಕಟ್ಟದಿದ್ದರೆ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ದಾವೆ ಹೂಡಿ ಸಂಬಳ ಜಪ್ತಿಗೆ ಹೋಗುತ್ತೇವೆ ಅಂತ ಅದರಲ್ಲಿತ್ತು.

ಅದಾದ ಮೇಲೆ ಫೋನು ಶುರುವಾಯಿತು. ವಸೂಲಿಯವರು ಬೆಳಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ನಮ್ಮನೆಗೆ ರಾತ್ರಿ ಒಂಬತ್ತಕ್ಕೆ, ಸರಿಯಾಗಿ ಊಟಕ್ಕೆ ಕೂತಾಗ ಬರುತ್ತಿತ್ತು. ತರಗತಿಯಲ್ಲಿ ಹರಿಶ್ಚಂದ್ರನ ಕಥೆ ಹೇಳುವಾಗ ನಕ್ಷತ್ರಿಕನ ಕಾಟವನ್ನು ಎಷ್ಟು ಸಲ ಬಣ್ಣಿಸಿದ್ದೇನೋ. ಆದರೂ ನಕ್ಷತ್ರಿಕ ಬೆನ್ನು ಹತ್ತಿದ್ದು ಮಾತು ಕೊಟ್ಟವನನ್ನೇ. ಹರಿಶ್ಚಂದ್ರ ಒಳ್ಳೆಯವನು ಅಂತ ಪಕ್ಕದಲ್ಲಿ ನಿಂತು ಹೇಳಿದವರ ಮನೆಗೆ ಅವನು ಹೋಗಲಿಲ್ಲ.

'ಮೊದಲು ಸಾಲಗಾರನನ್ನು ಕೇಳಬೇಕಲ್ಲ, ಅವನ ತೋಟ ಇದೆ, ಅಟ್ಟದಲ್ಲಿ ಕಾಯಿ ಇದೆ, ಅದೆಲ್ಲ ಆದಮೇಲೆ ತಾನೆ ನನ್ನ ಹತ್ತಿರ ಬರಬೇಕು?' ಅಂತ ವಕೀಲರನ್ನು ಕೇಳಿದೆ. ಇದು ಜಾಮೀನು ಬಿದ್ದ ಪ್ರತಿಯೊಬ್ಬರೂ ಕೇಳುವ ಪ್ರಶ್ನೆಯಂತೆ. ಅವರು ನಕ್ಕು 1872ರ ಕರಾರು ಕಾಯ್ದೆ ತೆಗೆದರು. 128ನೇ ಕಲಂ: ಕರಾರಿನಲ್ಲಿ ಬೇರೆ ಹೇಳಿರದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಅವನ ನಂತರ ಅಲ್ಲ, ಅವನ ಜೊತೆಗೇ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಕೆಳಗಿನ ಕೋರ್ಟು ನಾನು ಕೇಳಿದ್ದನ್ನೇ ಹೇಳಿತ್ತು, ಮೊದಲು ಸಾಲಗಾರನ ಮೇಲೆ ಎಲ್ಲ ದಾರಿ ನೋಡಿ ಆಮೇಲೆ ಜಾಮೀನುದಾರನ ಹತ್ತಿರ ಹೋಗಿ ಅಂತ. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಆ ಅಲೆದಾಟ ಬೇಡ ಅಂತಲೇ ಸಾಲ ಕೊಡುವವನು ಜಾಮೀನು ಇಸಿದುಕೊಳ್ಳುವುದು. ಓದಿದಾಗ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಅದರಲ್ಲಿ ತಪ್ಪೇನಿದೆ? ಕಾನೂನು ನನಗೆ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು 'ಬರೀ ಒಂದು ರುಜು' ಅನ್ನುವ ಮಾತು.

ಸಹಿ ಹಾಕಿಕೊಟ್ಟ ಖಾಲಿ ಚೆಕ್ಕಿನ ಬಗ್ಗೆಯೂ ಕೇಳಿದೆ. ಜಾಮೀನುದಾರ ಕೊಟ್ಟ ಚೆಕ್ ಬೌನ್ಸ್ ಆದರೂ ಚೆಕ್ಕಿನ ಕಾಯ್ದೆಯ 138ನೇ ಕಲಮಿನ ಕೇಸು ನಿಲ್ಲುತ್ತದೆ ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅದು ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಜೈಲಿಗೂ ಅವಕಾಶವಿದೆ. ವಕೀಲರು ಇದನ್ನು ಹೇಳುವಾಗ ನಾನು ಅವರ ಮೇಜಿನ ಗಾಜಿನಡಿ ಇಟ್ಟಿದ್ದ ತಿರುಪತಿ ತಿಮ್ಮಪ್ಪನ ಚಿತ್ರ ನೋಡುತ್ತಿದ್ದೆ.

ಅದೇ ಕರಾರು ಕಾಯ್ದೆ ಜಾಮೀನುದಾರನಿಗೆ ಒಂದಷ್ಟು ರಕ್ಷಣೆಯನ್ನೂ ಕೊಟ್ಟಿದೆ. ಅವನನ್ನು ಕೇಳದೆ ಬ್ಯಾಂಕು ಸಾಲದ ಷರತ್ತು ಬದಲಿಸಿದರೆ ಆಮೇಲಿನ ವ್ಯವಹಾರಕ್ಕೆ ಅವನು ಹೊಣೆಯಲ್ಲ (133). ಅಡವಾಗಿ ಇಟ್ಟುಕೊಂಡ ವಸ್ತುವನ್ನು ಅವನ ಒಪ್ಪಿಗೆಯಿಲ್ಲದೆ ಬಿಟ್ಟುಕೊಟ್ಟರೆ ಅಷ್ಟರಮಟ್ಟಿಗೆ ಅವನಿಗೆ ಬಿಡುಗಡೆ (141). ನನಗೆ ಆಸೆ ಹುಟ್ಟಿತು. ವಕೀಲರು ನನ್ನ ಜಾಮೀನು ಪತ್ರದ ಪ್ರತಿ ತರಿಸಿ ಹನ್ನೊಂದನೇ ಷರತ್ತಿನ ಕೆಳಗೆ ಬೆರಳಿಟ್ಟರು. ಕಾಯ್ದೆಯ 133, 134, 135, 139, 141ನೇ ಕಲಮುಗಳ ಹಕ್ಕನ್ನೆಲ್ಲ ನಾನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ ಅಂತ ಅದರಲ್ಲಿತ್ತು, ಇಂಗ್ಲಿಷಿನಲ್ಲಿ, ಸಾಸಿವೆಕಾಳಿನ ಅಕ್ಷರದಲ್ಲಿ. ಕೆಳಗೆ ನನ್ನ ದುಂಡು ಕನ್ನಡದ ಸಹಿ. ಪಕ್ಕದಲ್ಲಿ ಅಳಿಸಿಯೂ ಪೂರ್ತಿ ಅಳಿಯದ ಪೆನ್ಸಿಲ್ ಗುರುತು. ಅಚ್ಚು ಹಾಕಿಸಿದ ಜಾಮೀನು ಪತ್ರಗಳಲ್ಲಿ ಈ ಸಾಲು ಮಾಮೂಲಂತೆ. ಕಾನೂನು ಕಟ್ಟಿದ ಐದು ಗೋಡೆಯನ್ನು ಒಂದೇ ವಾಕ್ಯ ಬೀಳಿಸುತ್ತದೆ, ಬೀಳಿಸಲು ನಾವೇ ಪೆನ್ನು ಕೊಡುತ್ತೇವೆ.

ಉಳಿಯುವ ಹಕ್ಕು ಮುಖ್ಯವಾಗಿ ಎರಡು. ಜಾಮೀನುದಾರರು ಇಬ್ಬರಿದ್ದರೆ ತಮ್ಮತಮ್ಮಲ್ಲಿ ಸಮಪಾಲು ಹಂಚಿಕೊಳ್ಳಬೇಕು. ಕಟ್ಟಿದ್ದನ್ನು ಸಾಲಗಾರನಿಂದ ವಸೂಲು ಮಾಡಬಹುದು, 145ನೇ ಕಲಂ. ಅಂದರೆ ತಮ್ಮನ ಮೇಲೆ ಅಕ್ಕ ದಾವೆ ಹೂಡಬಹುದು. ಕಾನೂನಿನಲ್ಲಿ ಇದೆ, ಸರಿ. ಹೂಡಿ ಗೆದ್ದು, ಅಪ್ಪನ ತೋಟವನ್ನು ಹರಾಜು ಹಾಕಿಸಿ, ಸಂಜೆ ಅಮ್ಮನ ಮುಂದೆ ಹೋಗಿ ಕೂರಬಲ್ಲ ಹೆಣ್ಣುಮಗಳು ಯಾರಾದರೂ ಇದ್ದರೆ ಅವಳಿಗೆ ಆ ಕಲಂ ಉಪಯೋಗಕ್ಕೆ ಬಂದೀತು.

ಲೈನ್‌ಮನ್ ಒಂದು ರಾತ್ರಿ ಬೈಕಿನಲ್ಲಿ ಬಂದ. ಒಳಗೆ ಕರೆದರೂ ಬರಲಿಲ್ಲ, ಜಗಲಿಯ ಮೇಲೇ ನಿಂತ. 'ಮೇಡಂ, ನೀವು ಅಕ್ಕ, ನಾನು ಬರೀ ಫ್ರೆಂಡು. ಎರಡು ಚಿಕ್ಕ ಮಕ್ಕಳವೆ' ಅಂದ. ಸಮಪಾಲಿನ ಕಲಂ ನನಗೆ ಗೊತ್ತಿತ್ತು, ಬಾಯಿಗೆ ಬರಲಿಲ್ಲ.

ಕೊನೆಗೆ 2024ರ ಮೇ ತಿಂಗಳಲ್ಲಿ ಬ್ಯಾಂಕಿನವರು ಸುಸ್ತಿ ಬಡ್ಡಿ, ನೋಟಿಸಿನ ಖರ್ಚು ಬಿಟ್ಟು 7 ಲಕ್ಷ 60 ಸಾವಿರಕ್ಕೆ ಒಪ್ಪಿದರು. ತಮ್ಮ ಉಳಿದ ಕೊಬ್ಬರಿಯನ್ನೆಲ್ಲ ಸಿಕ್ಕ ದರಕ್ಕೆ ಮಾರಿ 1 ಲಕ್ಷ 60 ಸಾವಿರ ತಂದ. ಲೈನ್‌ಮನ್ ಒಂದೂವರೆ ಲಕ್ಷ. ನಾನು ನಾಲ್ಕೂವರೆ ಲಕ್ಷ, ಜಿಪಿಎಫ್‌ನಿಂದ. ನೌಕರರ ಭವಿಷ್ಯ ನಿಧಿಯನ್ನು ಯಾವ ಕೋರ್ಟೂ ಜಪ್ತಿ ಮಾಡುವಂತಿಲ್ಲ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೇಳುತ್ತದೆ. ಸಂಬಳದಲ್ಲೂ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಯಾರೂ ಮುಟ್ಟಲಾಗದ ದುಡ್ಡನ್ನು ನಾನೇ ಅರ್ಜಿ ಬರೆದು ತೆಗೆಸಿ ಕೊಟ್ಟೆ. ಜಪ್ತಿ ಆದೇಶ ಶಾಲೆಗೆ ಬರುವುದು, ಗುಮಾಸ್ತ ಅದನ್ನು ನೋಂದಣಿ ಪುಸ್ತಕದಲ್ಲಿ ಬರೆದುಕೊಳ್ಳುವುದು, ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ವಸೂಲಿ ನಡೆಯುವುದು ಕಾನೂನಿಗಿಂತ ಹೆಚ್ಚಾಗಿ ಈ ನಾಚಿಕೆಯ ಬಲದ ಮೇಲೆ.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಅನ್ನುತ್ತಾರೆ. ಜಾಮೀನಿನ ವ್ಯವಹಾರಕ್ಕೆ ಆ ಗಾದೆ ಹೊಂದುವುದಿಲ್ಲ. ಇಲ್ಲಿ ಕೊಟ್ಟವನೂ ವೀರಭದ್ರನೇ. ಕೋಡಂಗಿ ಮಧ್ಯದಲ್ಲಿ ಪೆನ್ನು ಹಿಡಿದು ಕೂತವನು.

ಇಷ್ಟು ಓದಿದವರು ನಾನು 'ಯಾರಿಗೂ ಜಾಮೀನು ಹಾಕಬೇಡಿ' ಅನ್ನುತ್ತೇನೆ ಅಂದುಕೊಂಡಿರಬಹುದು. ಹಾಗೆ ಹೇಳಲು ಬಾಯಿ ಬರುವುದಿಲ್ಲ. ಎಂಬತ್ತರ ದಶಕದಲ್ಲಿ ಅಪ್ಪ ಪಂಪ್‌ಸೆಟ್ಟಿಗೆ ಸಾಲ ಎತ್ತಿದಾಗ ಊರಿನ ಮೇಷ್ಟ್ರೊಬ್ಬರು ಜಾಮೀನು ನಿಂತರು. ಆ ನೀರಿನಿಂದಲೇ ನಾವು ಓದಿದ್ದು. ಅಡವಿಡಲು ಏನೂ ಇಲ್ಲದವನಿಗೆ ಇನ್ನೊಬ್ಬರ ಸಹಿಯೇ ಆಸ್ತಿ. ಜಾಮೀನನ್ನು ಒಟ್ಟಾರೆ ಕೆಟ್ಟದ್ದು ಅನ್ನುವವರು ಅದರ ಅಗತ್ಯವೇ ಬೀಳದ ಮನೆಯವರು.

ನನ್ನ ತಕರಾರು ಬೇರೆ. ಸುದ್ದಿ ಜಾಮೀನುದಾರನಿಗೆ ಕಟ್ಟಕಡೆಗೆ ಯಾಕೆ ತಲುಪಬೇಕು?

ಮೂರನೇ ಕಂತು ತಪ್ಪಿದ್ದು 2023ರ ಜೂನ್‌ನಲ್ಲಿ. ಅವತ್ತು ನನಗೆ ತಿಳಿದಿದ್ದರೆ ಖಾತೆ ಸರಿಮಾಡಲು ಬೇಕಾಗಿದ್ದದ್ದು ಸುಮಾರು 56 ಸಾವಿರ. ಒಂದು ಸರ ಅಡವಿಟ್ಟರೆ ಮುಗಿಯುತ್ತಿತ್ತು. ಅಟ್ಟದಲ್ಲಿ ಕಾಯಿ ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು. ದರ ಬಿದ್ದಿದ್ದರೂ ಒಂದಿಷ್ಟು ಮಾರಿ ಉಳಿದದ್ದನ್ನು ಕಾಯಬಹುದಿತ್ತು. ಅಕ್ಕ–ತಮ್ಮ ಕೂತು ಮಾತಾಡಬಹುದಿತ್ತು. ಯಾರೂ ಹೇಳಲಿಲ್ಲ. ನಾಚಿಕೆಗೆ ತಮ್ಮ ಹೇಳಲಿಲ್ಲ. ಬ್ಯಾಂಕಿಗೆ ಹೇಳುವ ಗರಜಿರಲಿಲ್ಲ, ನನ್ನ ಸಂಬಳ ಎಲ್ಲಿಗೂ ಓಡಿಹೋಗುತ್ತಿರಲಿಲ್ಲವಲ್ಲ. ನವೆಂಬರ್ ಹೊತ್ತಿಗೆ ಅದು 7 ಲಕ್ಷ 30 ಸಾವಿರದ ಬೆಟ್ಟವಾಗಿತ್ತು. ಎಂಟು ತಿಂಗಳಿಗೆ ಬಡ್ಡಿ, ಸುಸ್ತಿ ಬಡ್ಡಿ ಸೇರಿ 70 ಸಾವಿರ ನನಗೆ ಗೊತ್ತಿಲ್ಲದೆ ನನ್ನ ಮೇಲೆ ಬೆಳೆದಿತ್ತು.

ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರನ್ನು ನೋಡಿ. ಅವರೆಲ್ಲ ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲದಲ್ಲಿರುವವರು. ಅಲ್ಲಿ ಅಡವಿಲ್ಲ, ಗುಂಪಿನಲ್ಲಿ ಒಬ್ಬರಿಗೊಬ್ಬರು ಹೊಣೆ. ಅದರ ಕಾಟ ಕಡಿಮೆಯೇನಲ್ಲ. ಊರು ಬಿಟ್ಟವರಿದ್ದಾರೆ, ಜೀವ ಬಿಟ್ಟವರೂ ಇದ್ದಾರೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಆದರೆ ಒಂದು ವಿಷಯದಲ್ಲಿ ಅವರು ನನಗಿಂತ ಬುದ್ಧಿವಂತರು. ಕಂತಿನ ದಿನ ಒಬ್ಬಳು ಬರಲಿಲ್ಲ ಅಂದರೆ ಸಂಜೆಯೊಳಗೆ ಉಳಿದವರಿಗೆ ಗೊತ್ತು, ಅವಳ ಮನೆ ಬಾಗಿಲಿಗೆ ಹೋಗುತ್ತಾರೆ. ಒಬ್ಬಾಕೆ ಸಾರಿಗೆ ಒಗ್ಗರಣೆ ಹಾಕುತ್ತಲೇ ನನ್ನನ್ನು ಕೇಳಿದಳು: 'ಎಂಟು ತಿಂಗ್ಳು ನಿಮ್ಗೆ ಗೊತ್ತೇ ಆಗ್ಲಿಲ್ವಾ ಮಿಸ್? ಓದಿದೋರು ನೀವು.'

ನಾನು ಕೇಳುವುದು ದೊಡ್ಡದೇನಲ್ಲ. ಕಂತು ತಪ್ಪಿದ ದಿನ ಸಾಲಗಾರನ ಮೊಬೈಲಿಗೆ ಹೋಗುವ ಸಂದೇಶ ಜಾಮೀನುದಾರನ ಮೊಬೈಲಿಗೂ ಹೋಗಲಿ. ನನ್ನ ನಂಬರು ಬ್ಯಾಂಕಿನ ಹತ್ತಿರ ಇತ್ತು, ರಾತ್ರಿ ಒಂಬತ್ತಕ್ಕೆ ಅದೇ ನಂಬರಿಗೆ ತಾನೆ ಕರೆ ಮಾಡಿದ್ದು. ಸಹಿ ಹಾಕಿದ ಕಾಗದಗಳ ಪ್ರತಿ ಅವತ್ತೇ, ಕನ್ನಡದಲ್ಲಿ, ಕೈಗೆ ಬರಲಿ. ಬಿಟ್ಟುಕೊಡುತ್ತಿರುವ ಹಕ್ಕುಗಳ ಷರತ್ತು ಸಾಸಿವೆಕಾಳಿನಿಂದ ಕಡಲೆಕಾಳಿಗಾದರೂ ದೊಡ್ಡದಾಗಲಿ. ರಿಸರ್ವ್ ಬ್ಯಾಂಕ್ ಮತ್ತು ಸಹಕಾರ ಇಲಾಖೆ ಮನಸ್ಸು ಮಾಡಿದರೆ ಒಂದು ಸುತ್ತೋಲೆಯ ಕೆಲಸ. ಮೊದಲ ತಿಂಗಳೇ ಗೊತ್ತಾದ ಜಾಮೀನುದಾರ ಸಾಲಗಾರನ ಬೆನ್ನು ಹತ್ತುತ್ತಾನೆ, ಬ್ಯಾಂಕಿಗೆ ಸಂಬಳವಿಲ್ಲದ ವಸೂಲಿಗಾರ ಸಿಕ್ಕಂತೆ. ಇದು ಅವರಿಗೇ ಯಾಕೆ ಹೊಳೆಯುವುದಿಲ್ಲವೋ.

ಇನ್ನು ನಾವು ಮಾಡಬಹುದಾದದ್ದು. ನನಗೆ ಈಗ ಒಂದು ಲೆಕ್ಕ ಬಂದಿದೆ. ಯಾರಾದರೂ 5 ಲಕ್ಷಕ್ಕೆ ಸಹಿ ಕೇಳಿದರೆ, ಇವರಿಗೆ ನಾನೇ 5 ಲಕ್ಷ ಸಾಲ ಕೊಡುತ್ತೇನೆಯೇ ಅಂತ ಕೇಳಿಕೊಳ್ಳುತ್ತೇನೆ. ಕೊಡುವುದಿಲ್ಲ ಅಂದಮೇಲೆ ಸಹಿಯನ್ನು ಯಾಕೆ ಕೊಡಲಿ, ಎರಡೂ ಒಂದೇ ತಾನೆ? ಕೈಯಿಂದ ಎಷ್ಟಾಗುತ್ತದೋ ಅಷ್ಟು ದುಡ್ಡು ಕೊಟ್ಟು, ಬಂದರೆ ಬರಲಿ ಅಂತ ಬಿಡುವುದು ಮೇಲು. 20 ಸಾವಿರ ಕಳೆದುಕೊಂಡ ನಂಟಸ್ತನ ಉಳಿಯುತ್ತದೆ. ನಾಲ್ಕೂವರೆ ಲಕ್ಷ ಕಳೆದುಕೊಂಡದ್ದು ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ತಮ್ಮ ತಿಂಗಳಿಗೆ 5 ಸಾವಿರ ನನ್ನ ಖಾತೆಗೆ ಹಾಕುತ್ತಾನೆ. ಕೆಲವು ತಿಂಗಳು 3 ಸಾವಿರ. ಹಾಕಿದ ದಿನ ಫೋನ್ ಮಾಡುವುದಿಲ್ಲ, ಹಾಕದ ತಿಂಗಳೂ ಮಾಡುವುದಿಲ್ಲ. 2024ರ ಗೌರಿ ಹಬ್ಬಕ್ಕೆ ತವರಿನ ಬಾಗಿನವನ್ನು ಹೆಂಡತಿಯ ಕೈಯಲ್ಲಿ ಕಳಿಸಿದ. ಅವಳು ಮೊರವನ್ನು ನನ್ನ ಕೈಗಿಟ್ಟು, 'ಅವ್ರಿಗೆ ಮಂಡಿ ಕೆಲ್ಸ ಇತ್ತು ಅತ್ತಿಗೆ' ಅಂದಳು. ಹಬ್ಬದ ದಿನ ಎಂಥ ಮಂಡಿ?

2025ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 20 ಸಾವಿರ ದಾಟಿ ಏರುತ್ತಲೇ ಹೋಯಿತು. ನಮ್ಮ ಸೀಮೆಯಲ್ಲಿ ಯಾರೂ ಕಂಡಿರದ ದರ. ತಮ್ಮನ ಅಟ್ಟ ಖಾಲಿ. ಆ ವರ್ಷದ ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಅವನೇ ಬಂದ. ಮೊರದಲ್ಲಿ ಬಳೆ, ರವಿಕೆ ಕಣ, ಬೆಲ್ಲದ ಅಚ್ಚು, ನಮ್ಮ ತೋಟದ್ದೇ ತೆಂಗಿನಕಾಯಿ. ಹೋಳಿಗೆ ಬಡಿಸಿದೆ. ಎರಡನೇ ಹೋಳಿಗೆಗೆ ತುಪ್ಪ ಹಾಕುವಾಗ, ತಟ್ಟೆ ನೋಡುತ್ತಲೇ, 'ಅಕ್ಕಾ, ಈಗ ದರ ಚೆನ್ನಾಗೈತೆ. ಒಂದು ಮೂರು ಲಕ್ಷ ಸಿಕ್ಕಿದ್ರೆ... ಬೇರೆ ಬ್ಯಾಂಕು. ಒಂದೇ ಜಾಮೀನು ಸಾಕಂತೆ' ಅಂದ.

ಯಜಮಾನರು ಎದ್ದು ಕೈತೊಳೆಯಲು ಹೋದರು.

'ಸಹಿ ಹಾಕಲ್ಲ ಕಣೋ. ಮೂವತ್ತು ಸಾವಿರ ಐತೆ, ತಗೊಂಡು ಹೋಗು, ವಾಪಸ್ ಬೇಡ' ಅಂದೆ. ದನಿ ಮೇಷ್ಟ್ರಮ್ಮನ ದನಿಯಾಗಿತ್ತು, ನನಗೇ ಕೇಳಿಸಿತು.

ಅವನು ದುಡ್ಡು ತೆಗೆದುಕೊಳ್ಳಲಿಲ್ಲ. ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಊಟ ಮುಗಿಸಿ, ಮೂರೂವರೆಯ ಬಸ್ಸಿಗೆ ಹೋದ.